ಅವನಿಗಷ್ಟೇ ತಿರುಗಿದ ಗಾಳಿ

ಗಾಳಿ ಎಂದರೆ ನನ್ನ ಮಟ್ಟಿಗೆ ಎರಡು ಅಂಕಿಗಳು. ಯಾವ ದಿಕ್ಕಿನಿಂದ ಬೀಸುತ್ತಿದೆ, ಎಷ್ಟು ಜೋರಾಗಿ ಬೀಸುತ್ತಿದೆ. ಪುಣೆಯ ವಿಮಾನ ನಿಲ್ದಾಣದ ಟವರಿನಲ್ಲಿ ಕುಳಿತು ಆ ಅಂಕಿಗಳನ್ನು ಓದಿ ಪೈಲಟ್ಟುಗಳಿಗೆ ಹೇಳುವುದು ನನ್ನ ನೌಕರಿಯಾಗಿತ್ತು. ದೆವ್ವ, ಶಾಪ, ಸತ್ತವರ ಆಸೆ ಎಂದು ಯಾರಾದರೂ ಮಾತು ತೆಗೆದರೆ ನಕ್ಕು ಎದ್ದುಹೋಗುವ ಜಾತಿಯವನು ನಾನು. ಇವತ್ತಿಗೂ ಅಂಥದ್ದನ್ನು ನಂಬುತ್ತೇನೆಂದು ಹೇಳಲಾರೆ. ಆದರೆ ತೊಂಬತ್ತರ ದಶಕದ ಕೊನೆಗೆ, ಒಂದು ಅಕ್ಟೋಬರ್ ತಿಂಗಳ ಮಧ್ಯಾಹ್ನ ನಾನು ಕಣ್ಣಾರೆ ಕಂಡದ್ದೊಂದಿದೆ. ಅದನ್ನು ಕಂಡ ಹಾಗೆ ಬರೆಯುತ್ತೇನೆ. ಬರೆಯುವಾಗ ನನ್ನೊಳಗಿನ ದ್ವೇಷವನ್ನು ಮರೆಮಾಡುವುದಿಲ್ಲ. ಅದನ್ನು ಬಿಟ್ಟರೆ ಈ ಸಂಗತಿಯಲ್ಲಿ ಹೇಳುವಂಥದ್ದೇನೂ ಉಳಿಯುವುದಿಲ್ಲ.

ನಮ್ಮದು ಬಾಗಲಕೋಟೆ ಕಡೆಯ ಮನೆತನ. ಅಪ್ಪ ಪುಣೆಯ ಖಡಕಿಗೆ ಗುಮಾಸ್ತರಾಗಿ ಬಂದವರು ಇಲ್ಲೇ ನಿಂತುಬಿಟ್ಟರು. ನಿವೃತ್ತಿಗೆ ಮೊದಲು ವಿಶ್ರಾಂತವಾಡಿಯಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದರು. ಪಶ್ಚಿಮದ ಕಡೆಯಿಂದ ಇಳಿಯಲು ಬರುವ ವಿಮಾನಗಳು ನಮ್ಮ ಮಾಳಿಗೆಯ ಮೇಲೆಯೇ ಹಾದುಹೋಗುತ್ತಿದ್ದವು, ಚಕ್ರಗಳು ಕಾಣುವಷ್ಟು ತಗ್ಗಿನಲ್ಲಿ. ನಾವು ಅಣ್ಣತಮ್ಮಂದಿರಿಬ್ಬರೂ ಆ ಸದ್ದಿನ ಕೆಳಗೇ ಬೆಳೆದೆವು. ನಾನು ಟವರು ಸೇರಿದೆ. ನನಗಿಂತ ಮೂರು ವರ್ಷಕ್ಕೆ ದೊಡ್ಡವನಾದ ಶ್ರೀಧರ ವಿಮಾನವನ್ನೇ ಹತ್ತಿದ. ಖಾಸಗಿ ಕಂಪನಿಗಳು ಒಂದರ ಹಿಂದೊಂದು ಶುರುವಾದ ಕಾಲ ಅದು. ಅವುಗಳಲ್ಲೊಂದರಲ್ಲಿ ಅವನಿಗೆ ಕೋ-ಪೈಲಟ್ ಕೆಲಸ ಸಿಕ್ಕಿತು.

ಮುಂದಿನದು ತಿಳಿಯಬೇಕಾದರೆ ಒಂದು ಮಾತು ಹೇಳಬೇಕು. ವಿಮಾನ ಇಳಿಯುವುದು ಗಾಳಿಗೆ ಎದೆಯೊಡ್ಡಿ. ಎದುರುಗಾಳಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಅದೇ ಗಾಳಿ ಬೆನ್ನಿಗೆ ಬಿದ್ದರೆ ತಳ್ಳುತ್ತದೆ, ನೆಲ ಮುಟ್ಟಿದ ಮೇಲೂ ವೇಗ ಇಳಿಯುವುದಿಲ್ಲ, ರನ್‌ವೇ ಮುಗಿದರೂ ವಿಮಾನ ನಿಲ್ಲುವುದಿಲ್ಲ. ಹಾಗಾಗಿ ಹಿಂಗಾಳಿಗೆ ಒಂದು ಮಿತಿ ಇದೆ. ಅದನ್ನು ಮೀರಿದರೆ ಇಳಿಯಬಾರದು. ಮತ್ತೆ ಮೇಲೇರಿ ಸುತ್ತು ಹಾಕಿ ರನ್‌ವೇಯ ಇನ್ನೊಂದು ತುದಿಯಿಂದ ಬರಬೇಕು. ಗಾಳಿ ಹೇಗಿದೆ ಎಂದು ಹೇಳುವುದು ಟವರಿನ ಕೆಲಸ, ನಿರ್ಧಾರ ಕ್ಯಾಪ್ಟನ್ನನದು.

ಬೇರೊಂದು ರಾಜ್ಯದ ಚಿಕ್ಕ ನಿಲ್ದಾಣವೊಂದರಲ್ಲಿ ಅಣ್ಣ ಇದ್ದ ವಿಮಾನ ಹಿಂಗಾಳಿಯಲ್ಲಿ ಇಳಿಯಿತು. ಸುತ್ತು ಹಾಕಿ ಬರುವ ಸ್ವಲ್ಪ ಹೊತ್ತನ್ನು ಉಳಿಸಲು ಹೋದರು. ರನ್‌ವೇ ಮುಗಿದು, ಬೇಲಿ ಮುರಿದು, ವಿಮಾನದ ಬಲಮಗ್ಗುಲು ಒಂದು ಕಾಲುವೆಯ ದಂಡೆಗೆ ಅಪ್ಪಳಿಸಿತು. ಬಲಗಡೆಯ ಸೀಟಿನಲ್ಲಿದ್ದವನು ಶ್ರೀಧರ. ಸತ್ತವನು ಅವನೊಬ್ಬನೇ. ಎಡಗಡೆಯ ಸೀಟಿನ ಕ್ಯಾಪ್ಟನ್ನನಿಗೆ ಹೆಗಲ ಮೂಳೆ ಮುರಿಯಿತು, ಅದು ಕೂಡಿಕೊಂಡಿತು, ಅವನು ಮತ್ತೆ ಹಾರಿದ.

ವಿಚಾರಣೆಯಲ್ಲಿ ಅವನು ಹೇಳಿದ್ದು ಇಷ್ಟು: ಆ ದಿನ ವಿಮಾನ ಕೋ-ಪೈಲಟ್ಟನ ಕೈಯಲ್ಲಿತ್ತು, ಮೇಲೆತ್ತು ಎಂದು ನಾನು ಕೂಗಿದೆ, ಹುಡುಗ ಗಾಬರಿಯಾಗಿ ಕೇಳಲಿಲ್ಲ. ಒಳಗಿನ ಮಾತು ದಾಖಲಾಗುವ ಟೇಪಿನ ಕೊನೆಯ ಭಾಗ ಕೆಟ್ಟುಹೋಗಿತ್ತಂತೆ. ಸತ್ತವನು ಎದ್ದು ಬಂದು ಅಲ್ಲಗಳೆಯುವಂತಿರಲಿಲ್ಲ. ವರದಿಯಲ್ಲಿ ತಪ್ಪು ಅಣ್ಣನ ಹೆಸರಿಗೆ ಬಿತ್ತು.

ಅದು ಸುಳ್ಳೆಂದು ನಮಗೆ ಗೊತ್ತಿತ್ತು. ವಿಮಾನದಲ್ಲಿ ಒಂದು ವಾಡಿಕೆ ಇದೆ. ಇಬ್ಬರಲ್ಲಿ ಹಾರಿಸುತ್ತಿರುವವನು ರೇಡಿಯೋದಲ್ಲಿ ಮಾತನಾಡುವುದಿಲ್ಲ. ಕೈ ಖಾಲಿ ಇರುವವನು ಮಾತನಾಡುತ್ತಾನೆ. ಆ ನಿಲ್ದಾಣದ ಟವರಿನಲ್ಲಿ ಕೊನೆಯದಾಗಿ ಕೇಳಿಸಿದ್ದು ಅಣ್ಣನ ಧ್ವನಿ. ಅಂದರೆ ವಿಮಾನ ಅವನ ಕೈಯಲ್ಲಿರಲಿಲ್ಲ. ಇದನ್ನು ನಾನು ಹೋಗಿ ಹೇಳಿದಾಗ, ವಾಡಿಕೆ ಬೇರೆ, ಪುರಾವೆ ಬೇರೆ ಎಂದು ಕಳಿಸಿದರು. ಸಾಯುವ ಒಂದು ವಾರ ಮೊದಲು ಅಣ್ಣ ಫೋನಿನಲ್ಲಿ ಅವ್ವನಿಗೆ ಹೇಳಿದ ಮಾತೂ ಒಂದಿತ್ತು. "ಅವ್ವಾ, ಈ ಮನಶ್ಯಾ ಯಾರ ಕೈಗೂ ವಿಮಾನ ಕೊಡಾಂಗಿಲ್ಲ. ನಾ ಬರೇ ರೇಡಿಯೋದಾಗ ಮಾತಾಡ್ಕೋತ ಕೂಡೂದು." ತಾಯಿಯ ಕಿವಿಯಲ್ಲಿ ಬಿದ್ದ ಮಾತಿಗೆ ಯಾವ ಕಚೇರಿಯಲ್ಲಿ ಬೆಲೆ ಇದೆ?

ಆ ಕ್ಯಾಪ್ಟನ್ನನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದಾಕ್ಷಿಣ್ಯದಿಂದಲ್ಲ. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಬಾಯಿಗೆ ತರುವಂತಿರಲಿಲ್ಲ, ಅದೇ ರೂಢಿಯಾಗಿಬಿಟ್ಟಿದೆ. ಅವ್ವ ಅವನನ್ನು ‘ಅಂವ’ ಎನ್ನುತ್ತಿದ್ದಳು, ಅಷ್ಟೇ. ವರದಿ ಬಂದ ಮರುವರ್ಷ ಅಪ್ಪ ತೀರಿಕೊಂಡರು. ದಿನಕರ್ಮ ಮುಗಿದು ಬಂದವರೆಲ್ಲ ಹೋದ ಮೇಲೆ ನಾನು ಅವ್ವನ ಮುಂದೆ, ಆ ಮನುಷ್ಯ ಸತ್ತರೆ ನನಗೆ ನಿದ್ದೆ ಬರುತ್ತದೆ ಎಂದೆ.

"ಸಾಯೂದು ಬ್ಯಾಡ ತಮ್ಮಾ," ಎಂದಳು ಅವ್ವ. ಅವಳ ಧ್ವನಿ ಏರಲೇ ಇಲ್ಲ. "ಸತ್ರ ಮುಗದ ಹೋತು. ಅಂವ ಅಂಜಬೇಕು. ನನ್ನ ಮಗಾ ಕಡೀಕ ಹೆಂಗ ಅಂಜಿದ್ದನೋ, ಹಂಗ ಅಂಜಬೇಕು."

ಕೆಲವು ವರ್ಷ ಹೀಗೇ ಹೋದವು. ಒಂದು ಬೇಸಿಗೆಯಲ್ಲಿ, ಅಣ್ಣನಿದ್ದ ಕಂಪನಿಯ ಕೌಂಟರಿನಲ್ಲಿದ್ದ ಪರಿಚಯದವರೊಬ್ಬರು ಮಾತಿನ ನಡುವೆ ಒಂದು ಸುದ್ದಿ ಹೇಳಿದರು. ಮಧ್ಯಾಹ್ನ ನಾಲ್ಕರ ಸುಮಾರಿಗೆ ಬರುವ ಪ್ರೊಪೆಲ್ಲರಿನ ಚಿಕ್ಕ ವಿಮಾನಕ್ಕೆ ಇನ್ನು ಮುಂದೆ ವಾರದಲ್ಲಿ ಮೂರು ದಿನ ಅವನೇ ಕ್ಯಾಪ್ಟನ್. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮ ಮನೀ ಮ್ಯಾಲಿಂದನ ಹೋಗತಾನೇನು?" ಎಂದಷ್ಟೇ ಕೇಳಿದಳು.

ಅಂದಿನಿಂದ ನಾನು ಆ ಮೂರು ದಿನ ಮಧ್ಯಾಹ್ನದ ಪಾಳಿಯನ್ನೇ ಕೇಳಿ ಪಡೆದುಕೊಂಡೆ. ಅವನು ಒಂದು ತಪ್ಪು ಮಾಡಲಿ, ಒಂದೇ ಒಂದು, ಅದನ್ನು ಹಿಡಿದು ಮೇಲಿನವರೆಗೆ ಒಯ್ಯುತ್ತೇನೆ ಎಂದು ಕಾಯುತ್ತಿದ್ದೆ. ಅವನು ತಪ್ಪು ಮಾಡಲಿಲ್ಲ. ಅವನ ಧ್ವನಿಯನ್ನು ಕೂಡ ನಾನು ಕೇಳಿರಲಿಲ್ಲ. ಪ್ರತಿ ಸಲವೂ ಕೇಳಿಸುತ್ತಿದ್ದುದು ಬಲಗಡೆ ಕುಳಿತ ಯಾರದೋ ಎಳೆಯ ಧ್ವನಿ. ಅವನು ಇನ್ನೂ ಯಾರ ಕೈಗೂ ವಿಮಾನ ಕೊಡುತ್ತಿರಲಿಲ್ಲ. ಅತ್ತ ಅವ್ವ ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಮಾಳಿಗೆ ಹತ್ತಿ ನಿಲ್ಲುತ್ತಿದ್ದಳು. ಬಯ್ಯುತ್ತಿರಲಿಲ್ಲ, ಶಪಿಸುತ್ತಿರಲಿಲ್ಲ. ವಿಮಾನದ ಹೊಟ್ಟೆ ತಲೆಯ ಮೇಲೆ ಹಾದು ಮರೆಯಾಗುವವರೆಗೆ ನೋಡುತ್ತಿದ್ದಳು. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಅವಳ ಮಾತು: "ಇವತ್ತೂ ಇಳದನಲ್ಲ?"

"ಇಳದನವ್ವ."

ಆ ಅಕ್ಟೋಬರ್ ದಿನ ಗಾಳಿಯೇ ಇರಲಿಲ್ಲ. ಮಳೆಗಾಲ ಮುಗಿದು ಚಳಿ ಬರುವ ಮುಂಚಿನ ಆ ಉರಿಬಿಸಿಲು ಪುಣೆಯವರಿಗೆ ಗೊತ್ತಿರುವಂಥದ್ದೇ. ಆಕಾಶದಲ್ಲಿ ಒಂದು ಮೋಡದ ಚೂರಿಲ್ಲ. ರನ್‌ವೇ ಬದಿಯಲ್ಲಿ ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ ಜೋತುಬಿದ್ದಿತ್ತು. ನನ್ನ ಮುಂದಿನ ಗಾಳಿಯ ಮುಳ್ಳು ಸೊನ್ನೆಗೆ ಒರಗಿ ನಿಂತಿತ್ತು. ಪಕ್ಕದಲ್ಲಿ ನನ್ನ ಜೊತೆಗಾರ ಗಾಯಕವಾಡ ಇದ್ದ, ಸಾತಾರಾ ಕಡೆಯವನು, ನನ್ನ ಮನೆಯ ಸಂಗತಿ ಬಲ್ಲವನು. ಅದೇ ರನ್‌ವೇ ಬಳಸುವ ವಾಯುಸೇನೆಯ ಯುದ್ಧವಿಮಾನಗಳ ಆ ದಿನದ ಹಾರಾಟ ಮುಗಿದಿತ್ತು. ಕೆಲಸ ಹಗುರವಾಗಿತ್ತು.

ಆ ಕ್ಯಾಪ್ಟನ್ನನ ವಿಮಾನ ಕರೆಯಿತು. ಆ ದಿನ ರೇಡಿಯೋದಲ್ಲಿ ಹೊಸಬಳೊಬ್ಬಳ ಧ್ವನಿ, ಚುರುಕಾಗಿ, ಸ್ಪಷ್ಟವಾಗಿ. ಟವರಿನ ಮಾತುಕತೆ ಇಂಗ್ಲಿಷಿನಲ್ಲೇ ನಡೆಯುತ್ತದೆ, ಅದರ ಅರ್ಥವನ್ನು ಇಲ್ಲಿ ಕೊಡುತ್ತಿದ್ದೇನೆ. ಗಾಳಿ ಇಲ್ಲ, ಪಶ್ಚಿಮದ ತುದಿಯಿಂದ ಇಳಿಯಬಹುದು ಎಂದು ಹೇಳಿದೆ. ಅವಳು ಅದನ್ನೇ ತಿರುಗಿ ಹೇಳಿದಳು. ವಿಮಾನ ವಿಶ್ರಾಂತವಾಡಿಯ ಮೇಲೆ ಚುಕ್ಕೆಯಾಗಿ ಕಂಡಿತು, ದೊಡ್ಡದಾಯಿತು.

ಆಗ ಮುಳ್ಳು ಎದ್ದಿತು. ಎದ್ದಿತು ಎಂದರೆ ಸ್ವಲ್ಪ ಅಲುಗಾಡಿತು ಎಂದಲ್ಲ. ಸೊನ್ನೆಯಿಂದ ಹದಿನೈದಕ್ಕೆ ಹೋಗಿ ಅಲ್ಲೇ ನಿಂತಿತು. ದಿಕ್ಕು ಪಶ್ಚಿಮ. ಅಂದರೆ ಸರಿಯಾಗಿ ಅವನ ಬೆನ್ನಿಗೆ, ಮಿತಿಯನ್ನು ಮೀರಿ. ನಾನು ಗಾಳಿಯ ಅಂಕಿ ಹೇಳಿದೆ. ಆಮೇಲೆ ಅವಳ ಧ್ವನಿ, ಮೇಲೇರುತ್ತಿದ್ದೇವೆ ಎಂದಿತು. ವಿಮಾನ ಗುಡುಗುತ್ತ ರನ್‌ವೇಯ ಮೇಲೆಯೇ ಹಾದು ಪೂರ್ವಕ್ಕೆ ಹೋಯಿತು.

ಅದು ದೂರ ಹೋಗುತ್ತಿದ್ದಂತೆ ಮುಳ್ಳು ಮತ್ತೆ ಸೊನ್ನೆಗೆ ಬಿತ್ತು. ಗಾಯಕವಾಡ ನನ್ನತ್ತ ನೋಡಿದ. ನಾನು ಗಾಜಿನಾಚೆ ನೋಡಿದೆ. ಚೀಲ ಮತ್ತೆ ಜೋತುಬಿದ್ದಿತ್ತು.

ಅವನು ಸುತ್ತು ಹಾಕಿ ಬರುವಷ್ಟರಲ್ಲಿ ಇನ್ನೊಂದು ಕಂಪನಿಯ ವಿಮಾನ ಪಶ್ಚಿಮದಿಂದಲೇ ಬಂದು ಇಳಿಯಿತು. ಅದು ಇಳಿಯುವಾಗ ಮುಳ್ಳು ಮಿಸುಕಲಿಲ್ಲ. ದಾರಿಯಲ್ಲಿ ಗಾಳಿಯ ತೊಂದರೆ ಏನಾದರೂ ಆಯಿತೇ ಎಂದು ಅದರ ಪೈಲಟ್ಟನನ್ನು ಕೇಳಿದೆ. ಏನೂ ಇಲ್ಲ, ಇಷ್ಟು ಶಾಂತ ಮಧ್ಯಾಹ್ನ ಈ ತಿಂಗಳಲ್ಲೇ ಕಂಡಿರಲಿಲ್ಲ ಎಂದ.

ಇಷ್ಟರಲ್ಲಿ ಅವನ ವಿಮಾನ ಪೂರ್ವದ ತುದಿಯನ್ನು ಕೇಳಿತು. ಅದು ಸರಿಯಾದ ಯೋಚನೆಯೇ. ಪಶ್ಚಿಮದ ಗಾಳಿ ಮತ್ತೆ ಎದ್ದರೂ ಈ ಕಡೆಯಿಂದ ಬರುವವನಿಗೆ ಅದು ಎದುರುಗಾಳಿ. ಒಪ್ಪಿಗೆ ಕೊಟ್ಟೆ. ಅವನು ಪೂರ್ವದಿಂದ ಬಂದ. ರನ್‌ವೇಗೆ ಹತ್ತಿರವಾದ. ಮುಳ್ಳು ಎದ್ದಿತು. ದಿಕ್ಕಿನ ಮುಳ್ಳು ನನ್ನ ಕಣ್ಣೆದುರಿನಲ್ಲೇ ಗಿರಕಿ ಹೊಡೆದು ಪೂರ್ವಕ್ಕೆ ನಿಂತಿತು. ಮತ್ತೆ ಅವನ ಬೆನ್ನಿಗೇ. ಈ ಸಲ ಮೊದಲಿಗಿಂತ ಜೋರು.

"ಅರೇ, ಹೇ ಕಾಯ್ ಚಾಲ್ಲಯ್?" ಎಂದ ಗಾಯಕವಾಡ, ಕುರ್ಚಿಯಿಂದ ಎದ್ದು ನಿಂತು. ಏನು ನಡೀತಿದೆ ಇದು ಎಂದು ಅವನು ಕೇಳಿದ್ದು ನನ್ನನ್ನಲ್ಲ, ಗಾಜಿನಾಚೆಗಿನ ಚೀಲವನ್ನು. ಅದು ಗಾಳಿ ತುಂಬಿ, ವಿಮಾನ ಹೋಗುವ ದಿಕ್ಕಿಗೇ ಸೆಟೆದು ನಿಂತಿತ್ತು.

ಗಾಳಿ ಹೇಳಿದೆ. ವಿಮಾನ ಇಳಿಯುತ್ತಲೇ ಇತ್ತು. ಅವಳ ಧ್ವನಿ ಬಂತು, "ಟವರ್, ಕ್ಯಾಪ್ಟನ್ ಕೇಳುತ್ತಿದ್ದಾರೆ, ಈ ಗಾಳಿ ಖಚಿತವೇ?" ಖಚಿತ ಎಂದೆ. ಆದರೂ ವಿಮಾನ ಇಳಿಯುತ್ತಲೇ ಇತ್ತು. ಅವನು ನನ್ನ ಮಾತನ್ನು ನಂಬುತ್ತಿಲ್ಲ, ಅಥವಾ ನಂಬಿಯೂ ಇಳಿಸಲು ಹೊರಟಿದ್ದಾನೆ, ಅಣ್ಣನ ಜೊತೆಗಿದ್ದ ದಿನದ ಹಾಗೆಯೇ.

ಆಗ ನನ್ನೊಳಗೆ ಎದ್ದದ್ದನ್ನು ಇಲ್ಲಿ ಬರೆಯದೆ ಹೋದರೆ ಈ ಬರಹ ಸುಳ್ಳಾಗುತ್ತದೆ. ಇಳಿಯಲಿ ಎನಿಸಿತು. ರನ್‌ವೇ ಮುಗಿಯಲಿ, ಬೇಲಿ ಮುರಿಯಲಿ, ಈ ಸಲ ಎಡಮಗ್ಗುಲು ಬಡಿಯಲಿ. ನಾನು ಹೇಳಬೇಕಾದ್ದನ್ನು ಹೇಳಿದ್ದೇನೆ, ಗಾಯಕವಾಡ ಸಾಕ್ಷಿ ಇದ್ದಾನೆ, ಯಾರೂ ನನ್ನನ್ನು ಕೇಳುವಂತಿಲ್ಲ. ಮೈಯೆಲ್ಲ ಬಿಸಿಯಾಗಿತ್ತು. ಅದು ಸಂತೋಷವೇ ಆಗಿತ್ತು, ಬೇರೆ ಹೆಸರಿಲ್ಲ. ಆದರೆ ಬಾಯಿ ಮನಸ್ಸನ್ನು ಕಾಯಲಿಲ್ಲ. ವರ್ಷಗಳಿಂದ ರೂಢಿಯಾದ ಬಾಯಿ ಅದು. "ಗೋ ಅರೌಂಡ್, ಗೋ ಅರೌಂಡ್", ಇಳಿಯಬೇಡ, ಮೇಲೇರು ಎಂದು ನಾನು ಕೂಗಿದ್ದು ನನಗೇ ಕೇಳಿಸಿತು. ವಿಮಾನ ನೆಲಕ್ಕೆ ಒಂದಾಳುದ್ದ ಇರುವಾಗ ಮೂತಿ ಎತ್ತಿತು. ಅದರ ನೆರಳು ರನ್‌ವೇ ದಾಟಿ ಹುಲ್ಲಿನ ಮೇಲೆ ಓಡಿತು.

ಗಾಳಿ ನಿಂತಿತು. ಮುಳ್ಳು ಸೊನ್ನೆ.

ಅವನು ಮುಂಬಯಿಗೆ ಹೋಗುತ್ತಾನೆಂದು ನಾನು ತಿಳಿದಿದ್ದೆ. ಹೋಗಬೇಕಾದ್ದೇ. ಬಹಳ ಹೊತ್ತು ಸುತ್ತುತ್ತ ಇದ್ದ. ಮುಂದೇನು ಮಾಡುತ್ತೀರಿ ಎಂದು ಎರಡು ಸಲ ಕೇಳಿದೆ. ಕಾಯಿರಿ ಎಂದಳು ಅವಳು. ಅವಳ ಧ್ವನಿಯಲ್ಲಿ ಮೊದಲಿನ ಚುರುಕು ಇರಲಿಲ್ಲ.

ಆಮೇಲೆ ಬೇರೊಂದು ಧ್ವನಿ ಬಂತು. ಗಂಡಸಿನ ಧ್ವನಿ, ಒಣಗಿದ್ದು, ನಾನು ಊಹಿಸಿಕೊಂಡದ್ದಕ್ಕಿಂತ ಎಷ್ಟೋ ಸಣ್ಣದು. ಪಶ್ಚಿಮದ ತುದಿಯಿಂದ ಕೊನೆಯ ಸಲ ಬರುತ್ತೇವೆ, ಆಗದಿದ್ದರೆ ಮುಂಬಯಿಗೆ ಹೋಗುತ್ತೇವೆ ಎಂದು ಆ ಧ್ವನಿ ಹೇಳಿತು.

ಗಾಯಕವಾಡ ನನ್ನ ತೋಳು ಹಿಡಿದ. ಅವನಿಗೂ ಅರ್ಥವಾಗಿತ್ತು. ಕ್ಯಾಪ್ಟನ್ನೇ ಮಾತನಾಡುತ್ತಿದ್ದಾನೆ ಎಂದರೆ ವಿಮಾನ ಅವನ ಕೈಯಲ್ಲಿಲ್ಲ. ಯಾರ ಕೈಗೂ ಕೊಡದಿದ್ದವನು ಆ ಹುಡುಗಿಯ ಕೈಗೆ ಕೊಟ್ಟಿದ್ದಾನೆ.

ಮೂರನೆಯ ಸಲ ವಿಮಾನ ವಿಶ್ರಾಂತವಾಡಿಯ ಮೇಲೆ ಕಾಣಿಸಿತು. ನಾನು ಮುಳ್ಳನ್ನೇ ನೋಡುತ್ತಿದ್ದೆ. ಕಣ್ಣು ಮಿಟುಕಿಸಲಿಲ್ಲ. ಅದು ಏಳಲಿ ಎಂದು ಬಯಸಿದೆನೇ, ಏಳದಿರಲಿ ಎಂದೇ? ಎರಡೂ ಇದ್ದವು. ಮುಳ್ಳು ಏಳಲಿಲ್ಲ. ಗಾಳಿ ಇಲ್ಲ ಎಂದು ಹೇಳಿದೆ. ಗಾಳಿ ಇಲ್ಲ ಎಂದು ಅವನು ತಿರುಗಿ ಹೇಳಿದ. ವಿಮಾನ ಹೂವಿಟ್ಟ ಹಾಗೆ ನೆಲಕ್ಕೆ ಕುಳಿತು, ಅರ್ಧ ರನ್‌ವೇಯಲ್ಲೇ ನಿಧಾನವಾಗಿ, ಪಕ್ಕಕ್ಕೆ ತಿರುಗಿತು. ಗಾಯಕವಾಡ ಎರಡೂ ಕಿವಿ ಮುಟ್ಟಿಕೊಂಡ. ನಾನು ಮೈಕು ಕೆಳಗಿಟ್ಟೆ.

ಸಂಜೆ ಮನೆಗೆ ಹೋದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಎಂದಿನ ಮಾತು ಕೇಳಲಿಲ್ಲ. "ಏನಾಗಿತ್ತು ಇವತ್ತ? ಒಂದ್ಸಲ ಬಂದು ಹಂಗ ಹೋತು. ಮತ್ತ ಎಷ್ಟೋ ಹೊತ್ತಿಗೆ ಬಂತು," ಎಂದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದು ಯೋಚನೆ ಇತ್ತು. ನಂಬದಿದ್ದರೂ ಇತ್ತು. ಅವ್ವ ಮಾಳಿಗೆಯ ಮೇಲೆ ನಿಂತು ಏನಾದರೂ ಮಾಡಿರಬಹುದೇ, ಏನಾದರೂ ಅಂದಿರಬಹುದೇ ಎಂದು. ಕೇಳಿಯೇಬಿಟ್ಟೆ.

"ನಾ ಏನ್ ಮಾಡಲಿ? ಬಟ್ಟೀ ತಗ್ಯಾಕ ಹೋಗಿದ್ದೆ," ಎಂದಳು. "ಮ್ಯಾಲೆ ಗಾಳೀನ ಇದ್ದಿಲ್ಲಲ್ಲೋ. ತಂತೀ ಮ್ಯಾಲಿನ ಸೀರೀ ಸೆರಗ ಸುದ್ದಾ ಅಳ್ಳಾಡಲಿಲ್ಲ. ವಿಮಾನ ತಲೀ ಮ್ಯಾಲ ಇದ್ದಾಗ್ಲೂ ಅಳ್ಳಾಡಲಿಲ್ಲ."

ನಮ್ಮ ಮನೆಯಿಂದ ನಿಲ್ದಾಣಕ್ಕೆ ಏನು ದೂರ? ಸೈಕಲ್ಲಿನಲ್ಲಿ ಹೋಗಿ ಬರುವಷ್ಟು. ಅವ್ವ ನನ್ನ ಎದುರಿಗೆ ಬಂದು ಕುಳಿತು, ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ ಧ್ವನಿ ತಗ್ಗಿಸಿ, "ತಮ್ಮಾ, ನೀ ಏನರ ಮಾಡಿದ್ಯೇನು? ಸುಳ್ಳ ಗಾಳಿ ಹೇಳಿದ್ಯೇನು? ಹೇಳಿದ್ರ ಹೇಳು. ನಾ ಯಾರ ಮುಂದೂ ಅನ್ನಾಂಗಿಲ್ಲ. ನನಗ ಭಾಳ ಖುಷಿ ಆಗತದ," ಎಂದಳು.

"ಇಲ್ಲವ್ವ. ಇದ್ದದ್ದನ್ನ ಹೇಳೀನಿ."

ಅವಳ ಮುಖದ ಮೇಲೆ ಆಗ ಬಂದದ್ದು ನಿರಾಸೆ. ನನ್ನ ತಾಯಿ ನನ್ನ ಪ್ರಾಮಾಣಿಕತೆಗೆ ನಿರಾಸೆಗೊಂಡದ್ದು ಅದೊಂದೇ ಸಲ.

ಅವ್ವನಿಗೆ ಬಂದ ಸಂಶಯ ಉಳಿದವರಿಗೆ ಬಾರದೆ ಇರಲಿಲ್ಲ. ಕೆಲವೇ ದಿನಗಳಲ್ಲಿ ಮೇಲಧಿಕಾರಿಗಳು ನನ್ನನ್ನು ಕರೆಸಿದರು. ಕ್ಯಾಪ್ಟನ್, ಆ ಹುಡುಗಿ, ಗಾಯಕವಾಡ, ಎಲ್ಲರೂ ಎದುರುಬದುರು ಕುಳಿತೆವು. ಅವನನ್ನು ನಾನು ಮುಖಾಮುಖಿಯಾಗಿ ನೋಡಿದ್ದು ಅದೇ ಮೊದಲು. ಕಿವಿಯ ಬಳಿ ನರೆತ, ಇಸ್ತ್ರಿ ಮುರಿಯದ ಅಂಗಿಯ, ನೋಡಲು ಯಾರದೋ ಒಳ್ಳೆಯ ಚಿಕ್ಕಪ್ಪನಂತಿದ್ದ ಮನುಷ್ಯ.

ಅಧಿಕಾರಿಯ ಪ್ರಶ್ನೆ ನೇರವಾಗಿತ್ತು. ನಡುವೆ ಇಳಿದ ವಿಮಾನಕ್ಕೆ ಗಾಳಿ ಇರಲಿಲ್ಲ. ಊರಿನಲ್ಲಿ ಎಲ್ಲೂ ಗಾಳಿ ಇರಲಿಲ್ಲ. ಯಂತ್ರ ಪರೀಕ್ಷೆ ಮಾಡಿಸಿದರೆ ಸರಿಯಾಗಿಯೇ ಇದೆ. ಗಾಯಕವಾಡ ನಿಮ್ಮ ಸ್ನೇಹಿತ. ನಿಮ್ಮ ಅಡ್ಡಹೆಸರೂ, ಈ ಕ್ಯಾಪ್ಟನ್ನರ ಜೊತೆಗೆ ಹಿಂದೆ ಸತ್ತ ಕೋ-ಪೈಲಟ್ಟನ ಅಡ್ಡಹೆಸರೂ ಒಂದೇ. ಇದಕ್ಕೆ ಏನು ಹೇಳುತ್ತೀರಿ?

ನಾನು ಓದಿದ್ದನ್ನೇ ಹೇಳಿದೆ ಎಂದೆ. ಆ ಕೋಣೆಯಲ್ಲಿ ಆ ಮಾತು ಎಷ್ಟು ಬಡಕಲಾಗಿ ಕೇಳಿಸಿತೆಂದರೆ, ಅಣ್ಣ ಬದುಕಿ ಬಂದಿದ್ದರೆ ಅವನ ಮಾತೂ ಹೀಗೇ ಕೇಳಿಸುತ್ತಿತ್ತೇನೋ ಅನಿಸಿತು. ಹುಡುಗಿಯನ್ನು ಕೇಳಿದರು. ಅವಳು ಕ್ಯಾಪ್ಟನ್ನನ ಕಡೆ ನೋಡಿ, ಅವರು ಹೇಳುತ್ತಾರೆ ಎಂದಳು. ಎಲ್ಲವೂ ಅವನ ಬಾಯಲ್ಲಿತ್ತು. ಟವರಿನವನು ಸುಳ್ಳು ಹೇಳಿದ ಎಂದು ಅವನು ಅಂದುಬಿಟ್ಟರೆ ನನ್ನ ನೌಕರಿ ಹೋಗುತ್ತಿತ್ತು, ಬಹುಶಃ ಜೈಲೂ ಆಗುತ್ತಿತ್ತು. ಮುಂಚೆ ಒಮ್ಮೆ ಅಂಥ ಮಾತು ಆಡಿ ಪಾರಾದವನು ಅವನು. ಈ ಸಲವೂ ಆಡುತ್ತಾನೆಂದು ನಾನು ಕಾದೆ. ಆಡಲಿ ಎಂದು ಕೂಡ ಬಯಸಿದೆ. ಆಗ ನನ್ನ ದ್ವೇಷಕ್ಕೆ ಇನ್ನೊಂದು ಕಾರಣ ಸಿಗುತ್ತಿತ್ತು.

"ಗಾಳಿ ಅವರು ಹೇಳಿದ ಹಾಗೆಯೇ ಇತ್ತು," ಎಂದ ಅವನು ಹಿಂದಿಯಲ್ಲಿ. "ಬೆನ್ನಿಗೆ ಬಿದ್ದದ್ದು ನನ್ನ ಕೈಗೇ ಗೊತ್ತಾಯಿತು. ಎರಡು ಸಲವೂ. ಟವರಿನ ತಪ್ಪು ಇಲ್ಲ."

ಅಲ್ಲಿಗೆ ಮುಗಿಯಿತು. ಎಲ್ಲರೂ ಎದ್ದರು. ಗಾಯಕವಾಡ ನನ್ನ ಬೆನ್ನು ತಟ್ಟಿದ. ನನಗಾದದ್ದು ಸಮಾಧಾನವಲ್ಲ, ಅವಮಾನ. ಅಣ್ಣನಿಗೆ ಕೊಡದೆ ಉಳಿಸಿಕೊಂಡಿದ್ದ ಸತ್ಯವನ್ನು ಅವನು ನನಗೆ ದಾನ ಮಾಡಿದ್ದ. ಅದನ್ನು ತೆಗೆದುಕೊಂಡು ಬದುಕುವ ಸ್ಥಿತಿಗೆ ನನ್ನನ್ನು ತಂದಿದ್ದ.

ಹೊರಗೆ ಹಾದಿಯಲ್ಲಿ ಅವನನ್ನು ತಡೆದೆ. "ಆ ದಿನ ವಿಮಾನ ಯಾರ ಕೈಯಲ್ಲಿತ್ತು?" ಎಂದು ಕೇಳಿದೆ. ಯಾವ ದಿನ ಎಂದು ಅವನು ಕೇಳಲಿಲ್ಲ. ಗೋಡೆಯ ಕಡೆ ನೋಡಿದ. "ನಿಮ್ಮ ತಾಯಿ ಇದ್ದಾರೆಯೇ?" ಎಂದ.

"ಇದ್ದಾರೆ. ವಿಶ್ರಾಂತವಾಡಿ ಇಲ್ಲಿಂದ ಹತ್ತಿರವೇ. ಧೈರ್ಯವಿದ್ದರೆ ಬನ್ನಿ."

ಬರುವುದಿಲ್ಲ ಎಂದುಕೊಂಡಿದ್ದೆ. ಬಂದ, ನನ್ನ ಸ್ಕೂಟರಿನ ಹಿಂದೆ ಕುಳಿತು. ನನ್ನ ಹೆಗಲು ಮುಟ್ಟದಂತೆ ಹಿಂದಿನ ಕಬ್ಬಿಣವನ್ನು ಹಿಡಿದುಕೊಂಡಿದ್ದ. ಗೇಟಿನಲ್ಲಿ ನಾನು, ಅವ್ವಾ, ಅಂವ ಬಂದಾನ ಎಂದೆ. ಅವ್ವ ಒಳಗಿನಿಂದ ಬಂದು ಕಟ್ಟೆಯ ಮೇಲೆ ನಿಂತಳು. ಬಾ ಎನ್ನಲಿಲ್ಲ, ಕೂಡು ಎನ್ನಲಿಲ್ಲ, ನೀರು ಬೇಕೇ ಎಂದು ಕೇಳಲಿಲ್ಲ. ಮನೆಗೆ ಬಂದ ಯಾರಿಗೂ, ಸಾಲ ವಸೂಲಿಗೆ ಬಂದವನಿಗೂ ಅವಳು ನೀರು ಕೊಡದೆ ಇದ್ದವಳಲ್ಲ. ಅವನು ಅಂಗಳದ ಬಿಸಿಲಲ್ಲೇ ನಿಂತ.

ಪುಣೆಯಲ್ಲಿ ಮೂರು ದಶಕ ಕಳೆದು ಮರಾಠಿಯನ್ನು ಸರಾಗವಾಗಿ ಆಡುತ್ತಿದ್ದ ಅವ್ವ ಅವತ್ತು ಬೇಕೆಂದೇ ಕನ್ನಡದಲ್ಲಿ ಕೇಳಿದಳು. "ಯಾರ ಕೈಯಾಗಿತ್ತು?"

ನಾನು ಹಿಂದಿಯಲ್ಲಿ ಹೇಳಲು ಬಾಯಿ ತೆರೆದೆ. ಅವನು ಬೇಡವೆಂಬಂತೆ ತಲೆಯಾಡಿಸಿದ. ಆಮೇಲೆ ತನ್ನ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈ ಮೇಲೆ ಮಾಡಿ, ಅವ್ವನ ಎದುರಿಗೆ ಹಿಡಿದ. ಅವು ನಡುಗುತ್ತಿದ್ದವು. ನಿಲ್ಲಿಸಲು ಅವನು ಹೆಣಗುತ್ತಿದ್ದುದು ಕಾಣುತ್ತಿತ್ತು, ನಿಲ್ಲುತ್ತಿರಲಿಲ್ಲ.

ಅವ್ವ ಆ ಕೈಗಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಬಾಯೀಲೆ ಹೇಳಂತ ಹೇಳು," ಎಂದಳು.

ಹೇಳಿದೆ. ಅವನ ತುಟಿ ಅಲುಗಿತು. ಮಾತು ಬರಲಿಲ್ಲ. ಕೈ ಇಳಿಸಿ, ತಿರುಗಿ, ಗೇಟು ತೆರೆದುಕೊಂಡು ಹೋದ. ರಸ್ತೆಯ ತಿರುವಿನವರೆಗೂ ನಡೆದು ಹೋಗುವುದು ಕಾಣಿಸಿತು. ಅದಾದ ಮೇಲೆ ಅವನು ವಿಮಾನ ಹಾರಿಸಲಿಲ್ಲ, ಪುಣೆಯಿಂದ ಮುಂಬಯಿಗೆ ಟ್ಯಾಕ್ಸಿಯಲ್ಲಿ ಹೋದ, ರಾಜೀನಾಮೆ ಕೊಟ್ಟು ಉತ್ತರದ ಕಡೆ ತನ್ನ ಊರು ಸೇರಿದ ಎಂದು ಕೌಂಟರಿನ ಪರಿಚಯದವರು ಹೇಳಿದರು. ವರದಿಯಲ್ಲಿ ಅಣ್ಣನ ಹೆಸರಿನ ಮುಂದೆ ಬರೆದದ್ದು ಇವತ್ತಿಗೂ ಹಾಗೆಯೇ ಇದೆ.

"ಅಂಜ್ಯಾನವ್ವ ಅಂವ. ನೀ ಅಂದಾಂಗ ಅಂಜ್ಯಾನ," ಎಂದು ಅವತ್ತು ರಾತ್ರಿ ಊಟಕ್ಕೆ ಕುಳಿತಾಗ ನಾನಂದೆ.

"ಅಂಜಿದ್ದು ಕಂಡೆ," ಎಂದಳು. "ಸಾಕಾಗಲಿಲ್ಲ ನನಗ." ಅದಾದ ಮೇಲೆ ಅವಳು ಹಲವು ವರ್ಷ ಬದುಕಿದಳು. ಸಾಕಾಯಿತು ಎಂದು ಯಾವತ್ತೂ ಹೇಳಲಿಲ್ಲ.

ಹವಾಮಾನ ಬಲ್ಲವರನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ನೆಲ ಕಾದಾಗ ಸಣ್ಣ ಸುಳಿಗಾಳಿಗಳು ಏಳುತ್ತವೆ, ಒಂದು ಕಡೆ ಬೀಸಿ ಮಗ್ಗುಲಲ್ಲೇ ಬೀಸದೆ ಇರುತ್ತವೆ ಎನ್ನುತ್ತಾರೆ. ಒಪ್ಪುತ್ತೇನೆ. ಸುಳಿಗಾಳಿ ಎರಡು ಸಲ ಏಳಬಹುದು, ಎರಡು ಸಲವೂ ದಿಕ್ಕು ಬದಲಿಸಬಹುದು. ಅವನ ವಿಮಾನಕ್ಕಾಗಿ ಕಾದು, ನಡುವೆ ಬಂದ ವಿಮಾನವನ್ನು ಬಿಟ್ಟು ಏಳುವ ಸುಳಿಗಾಳಿಯನ್ನು ಅವರಲ್ಲಿ ಯಾರೂ ನನಗೆ ವಿವರಿಸಿಲ್ಲ. ವಿಮಾನದ ಒಳಗೆ ಯಾರ ಕೈ ಯಾವುದರ ಮೇಲಿದೆ ಎಂದು ಹೊರಗಿನ ಗಾಳಿಗೆ ಹೇಗೆ ಗೊತ್ತಾಗುತ್ತದೆ ಎಂದು ನಾನೂ ಯಾರನ್ನೂ ಕೇಳಿಲ್ಲ, ಕೇಳಿದರೆ ನಗುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ಗಾಳಿ ಯಾಕೆ ಎದ್ದಿತು ಎಂಬುದಲ್ಲ, ಯಾಕೆ ನಿಂತಿತು ಎಂಬುದು. ಆ ಹುಡುಗಿಗಾಗಿಯೇ? ಹಿಂದೆ ಕುಳಿತಿದ್ದ, ಏನೂ ಅರಿಯದ ಜನರಿಗಾಗಿಯೇ? ಅವರಾರೂ ಇಲ್ಲದೆ ಅವನೊಬ್ಬನೇ ಆ ವಿಮಾನದಲ್ಲಿದ್ದಿದ್ದರೆ ಆಗಲೂ ನಿಲ್ಲುತ್ತಿತ್ತೇ? ಇದಕ್ಕೆ ಉತ್ತರ ನನಗೆ ತಿಳಿಯದು. ಯಾವ ಉತ್ತರ ಸಿಕ್ಕರೆ ನನ್ನ ಮನಸ್ಸು ತಣ್ಣಗಾಗುತ್ತದೆ ಎಂಬುದು ಮಾತ್ರ ಚೆನ್ನಾಗಿ ತಿಳಿದಿದೆ. ಅದನ್ನು ಅವ್ವನ ಮುಂದೆ ಕೂಡ ನಾನು ಬಾಯಿಬಿಟ್ಟು ಹೇಳಲಿಲ್ಲ.